ಕಣ್ಕಟ್ಟಿನ ಕಾಡು: ಷೇಕ್ಸ್‌ಪಿಯರನ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನಲ್ಲಿ ಪ್ರೀತಿ, ಕನಸು, ನಗು

“ನಮ್ಮಪ್ಪ ಒಂದು ಸಲ ನನ್ನ ಕಣ್ಣಿಂದ ನೋಡಿದ್ದರೆ ಸಾಕಿತ್ತು.”

ನಾಟಕ ಶುರುವಾಗಿ ಐದು ನಿಮಿಷವೂ ಆಗಿರುವುದಿಲ್ಲ. ಅಥೆನ್ಸಿನ ದೊರೆ ಥೀಸಿಯಸ್‌ನ ಮುಂದೆ ನಿಂತ ಹರ್ಮಿಯಾ ಎಂಬ ಹುಡುಗಿ ಈ ಮಾತು ಹೇಳುತ್ತಾಳೆ. ದೊರೆಯೂ ತಡ ಮಾಡುವುದಿಲ್ಲ. ಹಾಗಲ್ಲ, ನಿನ್ನ ಕಣ್ಣೇ ನಿಮ್ಮಪ್ಪನ ಬುದ್ಧಿಯಿಂದ ನೋಡಬೇಕು, ಅನ್ನುತ್ತಾನೆ.

ಜಗಳ ಹಳೆಯದೇ. ಹರ್ಮಿಯಾಗೆ ಲೈಸ್ಯಾಂಡರ್ ಬೇಕು. ಅವಳ ಅಪ್ಪ ಈಜಿಯಸ್‌ಗೆ ಡೆಮೆಟ್ರಿಯಸ್ ಅಳಿಯನಾಗಬೇಕು. ಹಾಗಾದರೆ ಈ ಇಬ್ಬರು ಹುಡುಗರ ನಡುವೆ ವ್ಯತ್ಯಾಸವೇನು? ಹುಡುಕಿದರೂ ಸಿಗುವುದಿಲ್ಲ. ಮನೆತನದಲ್ಲಿ, ಆಸ್ತಿಯಲ್ಲಿ ನಾನೇನೂ ಅವನಿಗಿಂತ ಕಡಿಮೆ ಇಲ್ಲ ಎಂದು ಲೈಸ್ಯಾಂಡರ್ ತುಂಬಿದ ಸಭೆಯಲ್ಲೇ ಹೇಳುತ್ತಾನೆ. ಯಾರೂ ಅದನ್ನು ಅಲ್ಲಗಳೆಯುವುದಿಲ್ಲ. ಅವನನ್ನೇ ಯಾಕೆ ಅಂತ ಅಪ್ಪ ಹೇಳುವುದಿಲ್ಲ, ಇವನನ್ನೇ ಯಾಕೆ ಅಂತ ಮಗಳೂ ಹೇಳುವುದಿಲ್ಲ. ಆದರೆ ಅಥೆನ್ಸಿನ ಕಾನೂನು ಅಪ್ಪನ ಕಡೆಗಿದೆ. ಮಾತು ಕೇಳದ ಮಗಳಿಗೆ ಸಾವು, ಇಲ್ಲವೇ ಜೀವನವಿಡೀ ಸನ್ಯಾಸಿನಿಯರ ಮಠ. ಎಲ್ಲರೂ ಹಗುರವಾದ ನಗೆನಾಟಕ ಅನ್ನುವ ಈ ನಾಟಕ ಶುರುವಾಗುವುದೇ ಮರಣದಂಡನೆಯ ಬೆದರಿಕೆಯಿಂದ.

ಷೇಕ್ಸ್‌ಪಿಯರ್ ಇದನ್ನು ಬರೆದದ್ದು 1595-96ರ ಸುಮಾರಿಗೆ. ಮೊದಲು ಅಚ್ಚಾದದ್ದು 1600ರಲ್ಲಿ. ಓದಲು ಕೂತವರು ಮೂರನೇ ಅಂಕದ ಹೊತ್ತಿಗೆ ಕೈಚೆಲ್ಲುವುದು ಸಾಮಾನ್ಯ. ಯಾರು ಯಾರ ಹಿಂದೆ ಓಡುತ್ತಿದ್ದಾರೆ ಅನ್ನುವುದೇ ತಲೆಗೆ ಹತ್ತುವುದಿಲ್ಲ. ನಾಚಿಕೊಳ್ಳಬೇಕಾದ್ದೇನಿಲ್ಲ, ನಾಟಕಕಾರನಿಗೆ ಬೇಕಾಗಿದ್ದೂ ಅದೇ. ನಾನು ಹೇಳುವ ಉಪಾಯ ಇಷ್ಟು: ಹೆಸರುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ಕಣ್ಣು’ ಅನ್ನುವ ಮಾತು ಬಂದಾಗಲೆಲ್ಲ ಒಂದು ಗೆರೆ ಎಳೆಯುತ್ತಾ ಹೋಗಿ. ಗಂಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ‘ನಡುಬೇಸಿಗೆ’ ಎಂದ ಕೂಡಲೇ ನಮಗೆ ಏಪ್ರಿಲ್ ತಿಂಗಳ ಸೆಕೆ ನೆನಪಾಗುತ್ತದೆ, ಅಲ್ವಾ? ಇಂಗ್ಲೆಂಡಿನ ಮಿಡ್‌ಸಮ್ಮರ್ ಬರುವುದು ಜೂನ್ 24ರ ಆಸುಪಾಸಿಗೆ. ಅಲ್ಲಿ ಆಗ ಕತ್ತಲಾಗುವುದೇ ತಡ, ಬೆಳಗಾಗುವುದು ಬೇಗ. ವರ್ಷದಲ್ಲೇ ಅತಿ ಚಿಕ್ಕ ರಾತ್ರಿಗಳು. ಹಳೆಯ ಕಾಲದ ಜನ ಆ ರಾತ್ರಿ ಬೆಂಕಿ ಹಾಕಿ ಕುಣಿಯುತ್ತಿದ್ದರು. ಆ ಹೊತ್ತಿನಲ್ಲಿ ತಲೆ ಕೆಡುತ್ತದೆ ಎಂಬ ನಂಬಿಕೆಯೂ ಇತ್ತು. ನಾಟಕದ ಕಾಡು ಹೆಸರಿಗೆ ಅಥೆನ್ಸಿನ ಹೊರಗಿದೆ. ಹೂವು, ಹುಲ್ಲು, ಹಕ್ಕಿ ಎಲ್ಲವೂ ಇಂಗ್ಲೆಂಡಿನ ಹಳ್ಳಿಯವು.

ಇದರೊಳಗೆ ನಾಲ್ಕು ಗುಂಪುಗಳಿವೆ. ಒಂದು, ದೊರೆ ಥೀಸಿಯಸ್ ಮತ್ತು ಅವನು ಮದುವೆಯಾಗಲಿರುವ ಹಿಪ್ಪೋಲಿಟಾ. ಇವಳು ಅಮೆಜಾನ್ ಹೆಣ್ಣುಗಳ ರಾಣಿ, ಅವನು ಯುದ್ಧದಲ್ಲಿ ಗೆದ್ದು ತಂದವಳು. ನಿನ್ನನ್ನು ಕತ್ತಿಯಿಂದ ಒಲಿಸಿಕೊಂಡೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಕನ್ನಡದ ಓದುಗರಿಗೆ ಇಲ್ಲಿ ಜೈಮಿನಿ ಭಾರತದ ಪ್ರಮೀಳೆ ನೆನಪಾಗಬೇಕು. ಹೆಣ್ಣುಗಳದ್ದೇ ರಾಜ್ಯವನ್ನಾಳುವ ಅವಳು ಅಶ್ವಮೇಧದ ಕುದುರೆ ಕಟ್ಟಿಹಾಕಿ ಅರ್ಜುನನಿಗೆ ಎದುರು ನಿಲ್ಲುತ್ತಾಳೆ, ಕತೆ ಮದುವೆಯ ಒಪ್ಪಂದದಲ್ಲಿ ಮುಗಿಯುತ್ತದೆ. ಎಂ.ಎಲ್. ಶ್ರೀಕಂಠೇಶಗೌಡರು ಈ ನಾಟಕವನ್ನು ಕನ್ನಡಕ್ಕೆ ಒಗ್ಗಿಸಿದಾಗ ಅದಕ್ಕೆ ‘ಪ್ರಮೀಳಾರ್ಜುನೀಯ’ ಎಂದೇ ಹೆಸರಿಟ್ಟರು. ಆ ಜಾಣತನಕ್ಕೆ ಈಗಲೂ ಭೇಷ್ ಅನ್ನಬೇಕು.

ಎರಡನೆಯದು ನಾಲ್ಕು ಎಳೆಯರ ಗುಂಪು: ಹರ್ಮಿಯಾ, ಲೈಸ್ಯಾಂಡರ್, ಡೆಮೆಟ್ರಿಯಸ್, ಜೊತೆಗೆ ಹೆಲೆನಾ. ಮೂರನೆಯದು ಕಾಡಿನ ಕಿನ್ನರರು: ರಾಜ ಒಬೆರಾನ್, ರಾಣಿ ಟಿಟಾನಿಯಾ, ತುಂಟ ಆಳು ಪಕ್. ನಾಲ್ಕನೆಯದು ಊರಿನ ಆರು ಜನ ಕಸುಬುದಾರರು. ಬಡಗಿ ಕ್ವಿನ್ಸ್, ನೇಕಾರ ಬಾಟಮ್, ತಿದಿ ರಿಪೇರಿಯ ಫ್ಲೂಟ್, ಪಾತ್ರೆ ರಿಪೇರಿಯ ಸ್ನೌಟ್, ಮರಗೆಲಸದ ಸ್ನಗ್, ದರ್ಜಿ ಸ್ಟಾರ್ವ್‌ಲಿಂಗ್. ದೊರೆಯ ಮದುವೆಗೆ ನಾಟಕ ಆಡಬೇಕು ಅನ್ನುವ ಹುಮ್ಮಸ್ಸು ಇವರದು.

ಈ ನಾಲ್ಕೂ ಗುಂಪು ಒಂದೇ ರಾತ್ರಿ ಒಂದೇ ಕಾಡಿಗೆ ಬಂದು ಬೀಳುತ್ತವೆ. ದೊರೆಯದು ಮಾತ್ರ ಬೆಳಗಿನ ಜಾವದ ಪಾಳಿ.

ಈಗ ಪ್ರೀತಿಯ ಲೆಕ್ಕ. ಶುರುವಿನಲ್ಲಿ ಇಬ್ಬರು ಹುಡುಗರಿಗೂ ಹರ್ಮಿಯಾ ಬೇಕು. ಹೆಲೆನಾ ಯಾರಿಗೂ ಬೇಡ. ಅವಳು ಮಾತ್ರ ಡೆಮೆಟ್ರಿಯಸ್‌ಗಾಗಿ ಸಾಯುತ್ತಿದ್ದಾಳೆ. ಹಿಂದೊಮ್ಮೆ ಅವನು ಅವಳ ಬೆನ್ನು ಹತ್ತಿದ್ದವನೇ. ಹರ್ಮಿಯಾಳ ಕಣ್ಣು ನೋಡಿದ ಮೇಲೆ ಇವಳನ್ನು ಬಿಟ್ಟ. ನಾನೂ ಅವಳಷ್ಟೇ ಚೆನ್ನಾಗಿದ್ದೇನೆ ಎಂದು ಊರೇ ಹೇಳುತ್ತದೆ, ಅವನಿಗೆ ಮಾತ್ರ ಕಾಣುವುದಿಲ್ಲ ಎಂದು ಹೆಲೆನಾ ಗೋಳಾಡುತ್ತಾಳೆ. ಆಗಲೇ ಅವಳ ಬಾಯಿಂದ ಆ ಪ್ರಸಿದ್ಧ ಮಾತು ಬರುತ್ತದೆ: ಪ್ರೀತಿ ನೋಡುವುದು ಕಣ್ಣಿಂದಲ್ಲ, ಮನಸ್ಸಿನಿಂದ, ಅದಕ್ಕೇ ರೆಕ್ಕೆಯ ಮನ್ಮಥನನ್ನು ಕುರುಡನಂತೆ ಬರೆಯುತ್ತಾರೆ. ಇದನ್ನು ಮದುವೆ ಕಾರ್ಡಿನಲ್ಲಿ ಹಾಕುವವರಿದ್ದಾರೆ. ಆದರೆ ನಾಟಕದಲ್ಲಿ ಅದು ಹೊಗಳಿಕೆಯಲ್ಲ, ದೂರು. ಅವಳು ಹೇಳುವ ಆ ಮನಸ್ಸಿಗೆ ವಿವೇಕದ ಸೋಂಕೂ ಇಲ್ಲ ಎಂದು ಮುಂದಿನ ಸಾಲಿನಲ್ಲಿ ಅವಳೇ ಸೇರಿಸುತ್ತಾಳೆ.

ಲೈಸ್ಯಾಂಡರ್ ಮತ್ತು ಹರ್ಮಿಯಾ ಓಡಿಹೋಗಲು ಕಾಡಿಗೆ ಬರುತ್ತಾರೆ. ಅವಳನ್ನು ಹುಡುಕಿಕೊಂಡು ಡೆಮೆಟ್ರಿಯಸ್, ಅವನ ಹಿಂದೆ ಹೆಲೆನಾ. ಅಲ್ಲಿ ಕಾದಿದೆ ಹೂವು. ಮನ್ಮಥ ಬಿಟ್ಟ ಬಾಣವೊಂದು ಗುರಿ ತಪ್ಪಿ ಬಿಳಿ ಹೂವಿನ ಮೇಲೆ ಬಿದ್ದು, ಆ ಗಾಯದಿಂದ ಹೂವು ನೇರಳೆಯಾಯಿತಂತೆ. ಈಗ ತೋಟಗಳಲ್ಲಿ ನಾವು ನೋಡುವ ಪ್ಯಾನ್ಸಿಯ ಕಾಡುಜಾತಿ ಅದು. ಮಲಗಿದವರ ರೆಪ್ಪೆಗೆ ಅದರ ರಸ ಹಚ್ಚಿದರೆ, ಎದ್ದಾಗ ಮೊದಲು ಕಣ್ಣಿಗೆ ಬಿದ್ದವರ ಮೇಲೆ ಮೋಹ. ಮನುಷ್ಯರೇ ಆಗಬೇಕೆಂದಿಲ್ಲ. ಸಿಂಹ, ಕರಡಿ, ಕೋತಿ, ಯಾವುದಾದರೂ ಸರಿ.

ಹೆಲೆನಾಳ ಪಾಡು ನೋಡಿ ಕನಿಕರಪಟ್ಟ ಒಬೆರಾನ್ ಡೆಮೆಟ್ರಿಯಸ್‌ನ ಕಣ್ಣಿಗೆ ರಸ ಹಚ್ಚಲು ಪಕ್‌ಗೆ ಹೇಳುತ್ತಾನೆ. ಗುರುತು ಏನು? ಅಥೆನ್ಸಿನ ಬಟ್ಟೆ ಹಾಕಿರುತ್ತಾನೆ, ಅಷ್ಟೇ. ಲೈಸ್ಯಾಂಡರ್ ಕೂಡ ಅದೇ ಬಟ್ಟೆ ಹಾಕಿದ್ದಾನೆ. ಪಕ್ ಇವನ ಕಣ್ಣಿಗೆ ಹಚ್ಚಿಬಿಡುತ್ತಾನೆ. ಪಕ್‌ನ ಎಡವಟ್ಟು ಎಂದು ನಾವು ನಗುತ್ತೇವೆ. ಆದರೆ ಸಭೆಯಲ್ಲಿ ಯಾರಿಗೂ ಹೇಳಲಾಗದ ವ್ಯತ್ಯಾಸ, ಮಾಯಾವಿಗೂ ಕಾಣಲಿಲ್ಲ! ಇಡೀ ಜಗಳ ನಿಂತಿದ್ದೇ ಆ ವ್ಯತ್ಯಾಸದ ಮೇಲೆ.

ಲೈಸ್ಯಾಂಡರ್ ಎಚ್ಚರವಾದಾಗ ಎದುರಿಗೆ ಹೆಲೆನಾ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾಟಕದ ಹಾಸ್ಯದ ಬೇರು ಇಲ್ಲಿದೆ. ಮಂಕುಬೂದಿ ಎರಚಿಸಿಕೊಂಡ ಹುಡುಗ ಏನು ಹೇಳಬೇಕು? ನನಗೇನೋ ಆಗಿದೆ ಅನ್ನಬೇಕಿತ್ತು. ಅವನು ಹೇಳುವುದು ಬೇರೆ: ಮನುಷ್ಯನ ಮನಸ್ಸು ವಿವೇಕ ಹೇಳಿದಂತೆ ಕೇಳುತ್ತದೆ, ನೀನೇ ಹೆಚ್ಚು ಯೋಗ್ಯಳೆಂದು ನನ್ನ ವಿವೇಕ ಹೇಳುತ್ತಿದೆ! ಇಲ್ಲಿಯತನಕ ನಾನು ಚಿಕ್ಕವನಿದ್ದೆ, ಈಗ ಬುದ್ಧಿ ಬಲಿತಿದೆ ಎಂದೂ ಸೇರಿಸುತ್ತಾನೆ. ಬುದ್ಧಿ ಬಲಿಯಲು ಹಿಡಿದದ್ದು ಒಂದು ಕೋಳಿನಿದ್ದೆ. ಪ್ರೀತಿಯಲ್ಲಿ ಬಿದ್ದವನು ಬುದ್ಧಿ ಕಳಕೊಳ್ಳುತ್ತಾನೆ ಅನ್ನುವುದು ಹಳೆಯ ಜೋಕು. ಇಲ್ಲಿ ಬುದ್ಧಿ ಕಳಕೊಂಡವನು ಕಾರಣಗಳ ಪಟ್ಟಿ ಓದುತ್ತಾನೆ. ಮೊದಲು ಮೋಹ, ಆಮೇಲೆ ಅದಕ್ಕೆ ಕಾರಣ ಹೊಂದಿಸುವುದು. ಹಾಗೆ ಮಾಡದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ತಪ್ಪು ಸರಿಪಡಿಸಲು ಒಬೆರಾನ್ ಡೆಮೆಟ್ರಿಯಸ್‌ನ ಕಣ್ಣಿಗೂ ರಸ ಹಚ್ಚುತ್ತಾನೆ. ಈಗ ಇಬ್ಬರಿಗೂ ಹೆಲೆನಾ ಬೇಕು, ಹರ್ಮಿಯಾ ಯಾರಿಗೂ ಬೇಡ. ಚಿತ್ರ ತಲೆಕೆಳಗಾಯಿತು. ಹೆಲೆನಾಗೆ ಖುಷಿಯಾಯಿತೇ? ಇಲ್ಲ. ಎಲ್ಲರೂ ಸೇರಿ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡು ಅಳುತ್ತಾಳೆ. ಬಾಲ್ಯದ ಗೆಳತಿಯರು ಕೊನೆಗೆ ಎತ್ತರದ ವಿಷಯಕ್ಕೆ ಕಿತ್ತಾಡುತ್ತಾರೆ. ಹರ್ಮಿಯಾ ಗಿಡ್ಡಿ, ಹೆಲೆನಾ ಉದ್ದ. ನೀನು ಬಣ್ಣ ಬಳಿದ ಕಂಬ, ನಿನ್ನ ಕಣ್ಣಿಗೆ ನನ್ನ ಉಗುರು ಎಟುಕದಷ್ಟು ಕುಳ್ಳಿ ಅಲ್ಲ ನಾನು ಎಂದು ಹರ್ಮಿಯಾ ಮೈಮೇಲೆ ಹೋಗುತ್ತಾಳೆ. ಆ ಕಾಲದಲ್ಲಿ ಹೆಣ್ಣಿನ ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. ಕಂಪನಿಯಲ್ಲಿ ಒಬ್ಬ ಉದ್ದದ ಹುಡುಗ, ಒಬ್ಬ ಗಿಡ್ಡ ಹುಡುಗ ಇದ್ದಿರಬೇಕು. ಈ ರಗಳೆ ಜೋರಾಗುವ ಮೊದಲೇ ಪಕ್ ಹೇಳಿಬಿಟ್ಟಿರುತ್ತಾನೆ: ಅಯ್ಯೋ ದೇವರೇ, ಈ ಮನುಷ್ಯರು ಎಂಥ ಪೆದ್ದರು!

ಕಿನ್ನರರ ಮನೆಯೇನೂ ನೆಟ್ಟಗಿಲ್ಲ. ಒಬೆರಾನ್ ಮತ್ತು ಟಿಟಾನಿಯಾ ಜಗಳವಾಡುತ್ತಿರುವುದು ಒಂದು ಮಗುವಿಗಾಗಿ, ಅದೂ ಭಾರತದ ಮಗು. ಅದರ ತಾಯಿ ಟಿಟಾನಿಯಾಳ ಭಕ್ತೆಯಾಗಿದ್ದಳು. ಮಸಾಲೆ ಘಮದ ಭಾರತದ ಗಾಳಿಯಲ್ಲಿ, ರಾತ್ರಿ ಹೊತ್ತು, ಸಮುದ್ರದ ದಂಡೆಯ ಮರಳಲ್ಲಿ ಇಬ್ಬರೂ ಕೂತು ಹರಟುತ್ತಿದ್ದರಂತೆ. ಗಾಳಿ ತುಂಬಿ ಉಬ್ಬಿದ ಹಡಗಿನ ಹಾಯಿಗಳನ್ನು ನೋಡಿ ಬಸುರಿಯ ಹೊಟ್ಟೆಯಂತಿದೆ ಎಂದು ನಗುತ್ತಿದ್ದರಂತೆ. ಆ ಹೆಂಗಸು, ತಾನೇ ತುಂಬುಬಸುರಿ, ಹಡಗಿನಂತೆ ತೇಲುತ್ತಾ ನಡೆದು ಸಣ್ಣಪುಟ್ಟ ಸಾಮಾನು ತಂದುಕೊಡುತ್ತಿದ್ದಳು. “ಆದರೆ ಅವಳು ಮನುಷ್ಯಳು, ಆ ಮಗು ಹೆರುವಾಗ ಸತ್ತಳು. ಅವಳಿಗಾಗಿ ಮಗುವನ್ನು ಸಾಕುತ್ತಿದ್ದೇನೆ. ಅವಳಿಗಾಗಿಯೇ ಅದನ್ನು ಬಿಟ್ಟುಕೊಡುವುದಿಲ್ಲ.”

ಇಷ್ಟೆಲ್ಲ ಗದ್ದಲಕ್ಕೆ ಕಾರಣವಾದ ಆ ಹುಡುಗ ನಾಟಕದ ಪಠ್ಯದಲ್ಲಿ ರಂಗದ ಮೇಲೆ ಬರುವುದೇ ಇಲ್ಲ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರ ಕೊನೆಯ ದಿನ. ಅದಕ್ಕೂ ನಾಲ್ಕೈದು ವರ್ಷ ಮೊದಲೇ ಲಂಡನ್ನಿನ ರಂಗದ ಮೇಲೆ ಭಾರತ ಅಂದರೆ ಮಸಾಲೆ, ಹಡಗು ಮತ್ತು ಯಾರಿಗೆ ಸೇರಬೇಕೆಂದು ಇಬ್ಬರು ಕಿತ್ತಾಡುವ ಒಂದು ಮಗು. ನನಗಂತೂ ಇಡೀ ನಾಟಕದಲ್ಲಿ ನಿಜವಾದ ಪ್ರೀತಿ ಕಾಣುವುದು ಈ ಸತ್ತ ಗೆಳತಿಯ ನೆನಪಿನಲ್ಲಿ. ಯಾವ ಹೂವಿನ ರಸವೂ ಮುಟ್ಟದ ಪ್ರೀತಿ ಅದು.

ಈ ದಂಪತಿ ಜಗಳದಿಂದ ಹವಾಮಾನವೇ ಕೆಟ್ಟಿದೆ. ಹೊಳೆ ಉಕ್ಕಿದೆ, ಪೈರು ತೆನೆ ಕಟ್ಟುವ ಮೊದಲೇ ಕೊಳೆತಿದೆ, ಋತುಗಳು ಒಂದರ ಬಟ್ಟೆ ಇನ್ನೊಂದು ತೊಟ್ಟಿವೆ. 1594ರಿಂದ 96ರವರೆಗೆ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಮಳೆ ವಿಪರೀತವಾಗಿ ಬೆಳೆ ಕೈಕೊಟ್ಟಿತ್ತು. ನೋಡಲು ಬಂದವರಿಗೆ ಇದು ಬರೀ ಅಜ್ಜಿಕತೆಯಾಗಿ ಕೇಳಿಸಿರಲಾರದು.

ಮಗು ಕೊಡದ ಹೆಂಡತಿಯ ಕಣ್ಣಿಗೂ ಒಬೆರಾನ್ ರಸ ಹಚ್ಚುತ್ತಾನೆ. ಹತ್ತಿರದಲ್ಲೇ ನಾಟಕದ ತಾಲೀಮು ನಡೆಸುತ್ತಿದ್ದ ನೇಕಾರ ಬಾಟಮ್‌ನ ತಲೆಯನ್ನು ಪಕ್ ಕತ್ತೆ ತಲೆ ಮಾಡಿಬಿಡುತ್ತಾನೆ. ಬಾಟಮ್ ಎಂದರೆ ಆ ಕಾಲದ ನೇಕಾರರ ಮಾತಿನಲ್ಲಿ ನೂಲು ಸುತ್ತುವ ದಿಂಡು, ನಮ್ಮ ಮಗ್ಗದವರ ಕಂಡಿಕೆಯಂಥದ್ದು. ಗೆಳೆಯರು ಅವನನ್ನು ನೋಡಿ ಎದ್ದುಬಿದ್ದು ಓಡುತ್ತಾರೆ. ಬಡಗಿ ಕ್ವಿನ್ಸ್ ತಿರುಗಿ ಬಂದು, ದೇವರು ನಿನ್ನನ್ನು ಕಾಪಾಡಲಿ, ನೀನು ಬೇರೇನೋ ಆಗಿಬಿಟ್ಟೆ ಎಂದು ಮರುಗುತ್ತಾನೆ. ಅಲ್ಲಿ ಷೇಕ್ಸ್‌ಪಿಯರ್ ಬಳಸುವ ಪದಕ್ಕೆ ಇವತ್ತಿನ ಅರ್ಥ ‘ಅನುವಾದವಾಗಿಬಿಟ್ಟೆ’. ಅನುವಾದ ಮಾಡುವವರೆಲ್ಲ ಇಲ್ಲಿ ಒಂದು ಕ್ಷಣ ಕಿವಿ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಬಾಟಮ್‌ಗೆ ತನಗೇನಾಗಿದೆ ಗೊತ್ತಿಲ್ಲ. ಇವರು ನನ್ನನ್ನು ಕತ್ತೆ ಮಾಡಲು ನೋಡುತ್ತಿದ್ದಾರೆ ಎಂದು ಗೊಣಗಿ, ಹೆದರಿಲ್ಲವೆಂದು ತೋರಿಸಲು ಜೋರಾಗಿ ಹಾಡುತ್ತಾನೆ. ಆ ಹಾಡಿಗೆ ಎಚ್ಚರವಾದ ಕಿನ್ನರರ ರಾಣಿ ಕೇಳುತ್ತಾಳೆ: ನನ್ನ ಹೂವಿನ ಹಾಸಿಗೆಯಿಂದ ಎಬ್ಬಿಸಿದ ಈ ದೇವದೂತ ಯಾರು? ನೋಡಿದ ಕೂಡಲೇ ನಿನ್ನನ್ನು ಪ್ರೀತಿಸುತ್ತಿದ್ದೇನೆ ಅನ್ನುತ್ತಾಳೆ. ಬಾಟಮ್‌ನ ಉತ್ತರ ಇದು: “ಅದಕ್ಕೆ ಕಾರಣವೇನೂ ಕಾಣೆನಮ್ಮ. ಆದರೆ ನಿಜ ಹೇಳಬೇಕೆಂದರೆ, ಈಗಿನ ಕಾಲದಲ್ಲಿ ವಿವೇಕಕ್ಕೂ ಪ್ರೀತಿಗೂ ಅಷ್ಟೇನೂ ಒಡನಾಟವಿಲ್ಲ.”

ಚೆಂದದ ಮುಖದ ಲೈಸ್ಯಾಂಡರ್ ವಿವೇಕದ ಹೆಸರು ಹೇಳಿ ಕತ್ತೆಯಾದ. ಕತ್ತೆ ತಲೆಯವನು ವಿವೇಕದ ಮಾತಾಡಿದ. ಇವೆರಡೂ ಒಂದೇ ರಾತ್ರಿಯಲ್ಲಿ, ಒಂದೇ ಕಾಡಿನಲ್ಲಿ.

ಬಾಟಮ್ ಅರಮನೆಯ ಭೋಗ ಸಿಕ್ಕಿತೆಂದು ಹಿಗ್ಗುವುದೂ ಇಲ್ಲ, ಗಾಬರಿಯಾಗುವುದೂ ಇಲ್ಲ. ಸೇವೆಗೆ ಬಂದ ಪುಟಾಣಿ ಕಿನ್ನರರನ್ನು ಒಬ್ಬೊಬ್ಬರಾಗಿ ಹೆಸರು ಕೇಳಿ ಮಾತಾಡಿಸುತ್ತಾನೆ. ಒಬ್ಬನ ಹೆಸರು ಜೇಡರಬಲೆ. “ನಿಮ್ಮ ಪರಿಚಯ ಇನ್ನೂ ಬೇಕಾದೀತು ಸ್ವಾಮಿ, ಬೆರಳು ಕೊಯ್ದುಕೊಂಡರೆ ನಿಮ್ಮ ಹತ್ತಿರವೇ ಬರುತ್ತೇನೆ” ಅನ್ನುತ್ತಾನೆ. ಆಗೆಲ್ಲ ರಕ್ತ ನಿಲ್ಲಿಸಲು ಗಾಯಕ್ಕೆ ಜೇಡರಬಲೆ ಹಚ್ಚುತ್ತಿದ್ದರು. ಇನ್ನೊಬ್ಬನ ಹೆಸರು ಸಾಸಿವೆಕಾಳು. ನಿಮ್ಮ ಮನೆಯವರಿಂದ ನನ್ನ ಕಣ್ಣಲ್ಲಿ ಎಷ್ಟೋ ಸಲ ನೀರು ಬಂದಿದೆ ಅನ್ನುತ್ತಾನೆ. ಆಮೇಲೆ ತಲೆ ಕೆರೆಯಲು ಹೇಳುತ್ತಾನೆ, ಮುಖದ ಮೇಲೆ ಯಾಕೋ ಕೂದಲು ಜಾಸ್ತಿಯಾಗಿದೆ, ಕ್ಷೌರಿಕನ ಹತ್ತಿರ ಹೋಗಬೇಕು ಅನ್ನುತ್ತಾನೆ. ಏನು ತಿನ್ನುತ್ತೀಯ ಎಂದರೆ ಒಣಹುಲ್ಲು. ರಾಣಿಯ ತೋಳಲ್ಲಿ ಮಲಗಿ ಹುಲ್ಲು ಕೇಳುವ ಈ ದೃಶ್ಯ ನೋಡಿ ನಕ್ಕವರಿಗೆ ಒಂದು ಸಣ್ಣ ಕಸಿವಿಸಿಯೂ ಆಗುತ್ತದೆ. ಗಂಡನೊಬ್ಬ ಮಗು ಕಿತ್ತುಕೊಳ್ಳಲು ಹೆಂಡತಿಗೆ ಮದ್ದು ಹಾಕಿದ್ದಾನೆ. ಅಮಲಿನಲ್ಲಿದ್ದಾಗ ಅವಳು ಮಗುವನ್ನು ಕೊಟ್ಟೂಬಿಡುತ್ತಾಳೆ. ಎಚ್ಚರವಾದ ಮೇಲೆ ಮಗುವಿನ ಮಾತು ಎತ್ತುವುದೇ ಇಲ್ಲ. ಹಳೆಯ ರಂಗಪ್ರಯೋಗಗಳು ಇದನ್ನು ತುಂಟಾಟವೆಂದು ತೇಲಿಸಿಬಿಡುತ್ತಿದ್ದವು. ಈಗ ಹಾಗೆ ನೋಡುವುದು ಕಷ್ಟ.

ಇನ್ನು ಕನಸು. ಹೆಸರಿನಲ್ಲೇ ಕನಸಿದ್ದರೂ, ನಾಟಕದಲ್ಲಿ ನಿಜವಾಗಿ ನಿದ್ದೆಯಲ್ಲಿ ಬೀಳುವ ಕನಸು ಒಂದೇ, ಅದೂ ಕೆಟ್ಟದ್ದು. ಹಾವೊಂದು ನನ್ನ ಎದೆ ತಿನ್ನುತ್ತಿತ್ತು, ಲೈಸ್ಯಾಂಡರ್ ಕೂತು ನಗುತ್ತಾ ನೋಡುತ್ತಿದ್ದ ಎಂದು ಹರ್ಮಿಯಾ ಕಿರುಚಿ ಏಳುತ್ತಾಳೆ. ಪಕ್ಕದಲ್ಲಿ ಅವನಿಲ್ಲ. ಅವನು ಆಗಲೇ ಹೆಲೆನಾಳ ಹಿಂದೆ ಹೋಗಿಯಾಗಿದೆ. ಅಂದರೆ ಕನಸು ಕಂಡದ್ದು ನಿಜ. ಉಳಿದವರೆಲ್ಲ ನಿಜವಾಗಿ ನಡೆದದ್ದನ್ನು ಕನಸು ಎಂದುಕೊಳ್ಳುತ್ತಾರೆ. ಲೈಸ್ಯಾಂಡರ್‌ಗೆ ಮದ್ದಿಳಿಸಿ ನಾಲ್ವರನ್ನೂ ಮಲಗಿಸಿದ ಮೇಲೆ, ಬೆಳಗ್ಗೆ ದೊರೆಯ ಬೇಟೆಯ ಕಹಳೆಗೆ ಅವರು ಏಳುತ್ತಾರೆ. ಒಂದೊಂದು ಕಣ್ಣಿಗೆ ಒಂದೊಂದು ಥರ, ಎಲ್ಲ ಎರಡೆರಡಾಗಿ ಕಾಣುತ್ತಿದೆ ಅನ್ನುತ್ತಾಳೆ ಹರ್ಮಿಯಾ. ಡೆಮೆಟ್ರಿಯಸ್ ನನಗೆ ಸಿಕ್ಕ ಒಡವೆಯಂತಿದ್ದಾನೆ, ನನ್ನದು ಹೌದು, ನನ್ನದು ಅಲ್ಲ ಅನ್ನುತ್ತಾಳೆ ಹೆಲೆನಾ. ನಾವು ಎದ್ದಿದ್ದೇವೆ ಎಂದು ನಿಮಗೆ ಖಾತ್ರಿಯಿದೆಯಾ ಎಂದು ಡೆಮೆಟ್ರಿಯಸ್ ಕೇಳುತ್ತಾನೆ.

ಎಲ್ಲರಿಗಿಂತ ಕೊನೆಗೆ ಏಳುವವನು ಬಾಟಮ್. ತಲೆ ಮೊದಲಿನಂತಾಗಿದೆ. ಏನೋ ಆಯಿತು, ಹೇಳಲಾಗುತ್ತಿಲ್ಲ. “ನನ್ನ ಕನಸು ಎಂಥದ್ದೆಂದು ಮನುಷ್ಯನ ಕಣ್ಣು ಕೇಳಿಲ್ಲ, ಕಿವಿ ನೋಡಿಲ್ಲ, ಕೈ ರುಚಿ ನೋಡಿಲ್ಲ.” ಬೈಬಲ್ಲಿನ ಒಂದು ಮಾತನ್ನು ಅವನು ಅಡ್ಡಾದಿಡ್ಡಿ ಮಾಡಿದ್ದಾನೆ. ಜನ ನಗುತ್ತಾರೆ. ಆದರೆ ಕಣ್ಣನ್ನೇ ನಂಬಿ ರಾತ್ರಿಯಿಡೀ ಮೋಸಹೋದ ಜನರ ನಡುವೆ, ಕಣ್ಣಿನ ಕೆಲಸವನ್ನು ಕಿವಿಗೆ ಕೊಟ್ಟವನು ಇವನೊಬ್ಬನೇ. ಈ ಕನಸಿನ ಮೇಲೆ ಪದ ಕಟ್ಟಿಸುತ್ತೇನೆ, ಅದಕ್ಕೆ ‘ಬಾಟಮ್‌ನ ಕನಸು’ ಎಂದು ಹೆಸರಿಡುತ್ತೇನೆ, ಯಾಕೆಂದರೆ ಅದಕ್ಕೆ ತಳವೇ ಇಲ್ಲ ಅನ್ನುತ್ತಾನೆ. ಅವನ ಹೆಸರಿಗೆ ತಳ ಎಂಬ ಅರ್ಥವೂ ಇದೆಯಲ್ಲ, ಅದರ ಮೇಲಿನ ಆಟ.

ಐದನೇ ಅಂಕದಲ್ಲಿ ಮದುವೆಗಳು ಮುಗಿದಿವೆ. ಹುಚ್ಚ, ಪ್ರೇಮಿ, ಕವಿ ಮೂವರೂ ಒಂದೇ ಮಣ್ಣಿನ ಮಡಕೆಗಳು, ಇಲ್ಲದ್ದನ್ನು ಕಾಣುವವರು ಎಂದು ಥೀಸಿಯಸ್ ಗತ್ತಿನಿಂದ ಹೇಳುತ್ತಾನೆ. ತಮಾಷೆಯೆಂದರೆ ಈ ಥೀಸಿಯಸ್ಸೇ ಕವಿಗಳ ಕಲ್ಪನೆ. ಹಿಪ್ಪೋಲಿಟಾ ಮೆಲ್ಲಗೆ ತಿದ್ದುತ್ತಾಳೆ: ನಾಲ್ಕೂ ಜನರಿಗೆ ಒಂದೇ ರಾತ್ರಿ ಒಂದೇ ಥರ ಆಗಿದೆಯಲ್ಲ, ಬರೀ ಭ್ರಮೆಯಾದರೆ ಇಷ್ಟು ಹೊಂದಿಕೆ ಇರುತ್ತಿರಲಿಲ್ಲ.

ಆಮೇಲೆ ಕಸುಬುದಾರರ ನಾಟಕ. ಕತೆ ಪಿರಮಸ್ ಮತ್ತು ಥಿಸ್ಬಿಯದು, ರೋಮಿನ ಕವಿ ಓವಿಡ್ ಹೇಳಿದ್ದು. ಮನೆಯವರು ಒಪ್ಪದ ಜೋಡಿ, ನಡುಗೋಡೆಯ ಬಿರುಕಿನಲ್ಲಿ ಮಾತು, ಓಡಿಹೋಗುವ ಯೋಚನೆ, ರಾತ್ರಿ ಊರ ಹೊರಗೆ ಭೇಟಿ. ಹುಡುಗಿಯನ್ನು ಸಿಂಹ ತಿಂದಿತೆಂದು ತಪ್ಪು ತಿಳಿದು ಹುಡುಗ ಸಾಯುತ್ತಾನೆ, ಅವನನ್ನು ನೋಡಿ ಅವಳು. ಅವರ ರಕ್ತ ತಾಗಿ ಬಿಳಿಯಿದ್ದ ಹಿಪ್ಪುನೇರಳೆ ಹಣ್ಣು ಕೆಂಪಾಯಿತಂತೆ. ಬಾಣದಿಂದ ಬಣ್ಣ ಬದಲಿಸಿದ ಹೂವು ನೆನಪಾಯಿತೇ? ಲೈಸ್ಯಾಂಡರ್ ಮತ್ತು ಹರ್ಮಿಯಾ ಮೊನ್ನೆ ಹೊರಟಿದ್ದೂ ಇದೇ ದಾರಿಯಲ್ಲಿ.

ಈ ಆರು ಜನರಿಗೆ ಒಂದೇ ಚಿಂತೆ: ನೋಡುವವರು ನಿಜವೆಂದುಕೊಂಡು ಹೆದರಿದರೆ? ಅದಕ್ಕೇ ಸಿಂಹದ ಪಾತ್ರದ ಸ್ನಗ್ ಬಂದವನೇ, ಹೆಂಗಸರೇ ಹೆದರಬೇಡಿ, ನಾನು ಸಿಂಹವಲ್ಲ, ಮರಗೆಲಸದ ಸ್ನಗ್ ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ಇದು ಪೂರ್ತಿ ಕಟ್ಟುಕತೆಯೂ ಅಲ್ಲ. 1594ರಲ್ಲಿ ಸ್ಕಾಟ್ಲೆಂಡಿನ ರಾಜಕುಮಾರ ಹೆನ್ರಿಯ ನಾಮಕರಣದ ಔತಣದಲ್ಲಿ ರಥ ಎಳೆಯಲು ಸಿಂಹ ತರಬೇಕೆಂದಿದ್ದು, ಹತ್ತಿರದವರು ಹೆದರಿಯಾರೆಂದು ಕೈಬಿಟ್ಟಿದ್ದರು. ಸ್ನೌಟ್ ಗೋಡೆಯಾಗಿ ನಿಂತು ಬೆರಳು ಅಗಲಿಸಿದರೆ ಅದೇ ಬಿರುಕು. ಸ್ಟಾರ್ವ್‌ಲಿಂಗ್ ಲಾಂದ್ರ ಹಿಡಿದರೆ ಅದೇ ಬೆಳದಿಂಗಳು. ಪಿರಮಸ್ ಆಗಿ ಗೋಡೆಯ ಬಿರುಕಿನಲ್ಲಿ ಇಣುಕುವ ಬಾಟಮ್ ‘ಒಂದು ದನಿ ಕಾಣಿಸುತ್ತಿದೆ’ ಅನ್ನುತ್ತಾನೆ. ಅವನ ಕಣ್ಣು-ಕಿವಿಯ ಅದಲುಬದಲು ಇನ್ನೂ ನಿಂತಿಲ್ಲ. ಕೊನೆಗೆ ಹೀಗೆ ಸಾಯುತ್ತೇನೆ, ಹೀಗೆ, ಹೀಗೆ, ಹೀಗೆ ಎಂದು ಚುಚ್ಚಿಕೊಂಡು, ಈಗ ಸತ್ತೆ ಎಂದೂ ತಿಳಿಸುತ್ತಾನೆ.

1970ರಲ್ಲಿ ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ ಈ ನಾಟಕವನ್ನು ಬರೀ ಬಿಳಿ ಗೋಡೆಗಳ ನಡುವೆ ಆಡಿಸಿದರು. ಕಾಡಿಲ್ಲ, ಮರವಿಲ್ಲ. ಮಾಯಾ ಹೂವು ಎಂದರೆ ಕೋಲಿನ ತುದಿಯಲ್ಲಿ ತಿರುಗುವ ಒಂದು ತಟ್ಟೆ. ತಟ್ಟೆ ಎಂದು ಎಲ್ಲರಿಗೂ ಗೊತ್ತು, ಆದರೂ ಹೂವಾಯಿತು. ಸ್ನೌಟ್‌ನ ಬೆರಳ ಬಿರುಕು ಕೆಲಸ ಮಾಡುವುದೂ ಹಾಗೆಯೇ.

ಕಸುಬುದಾರರ ನಾಟಕ ನೋಡುತ್ತಾ ಲೈಸ್ಯಾಂಡರ್, ಡೆಮೆಟ್ರಿಯಸ್ ಬಿದ್ದುಬಿದ್ದು ಗೇಲಿ ಮಾಡುತ್ತಾರೆ. ತಾವು ನೆನ್ನೆ ಕಾಡಿನಲ್ಲಿ ಆಡಿದ್ದು ಇದಕ್ಕಿಂತ ಕೆಟ್ಟ ನಾಟಕ ಎಂದು ಹೊಳೆಯುವುದಿಲ್ಲ. ಹರ್ಮಿಯಾ, ಹೆಲೆನಾ ಮಾತ್ರ ಈ ಅಂಕದಲ್ಲಿ ಬಾಯೇ ಬಿಡುವುದಿಲ್ಲ. ಇಬ್ಬರಿಗೂ ಒಂದು ಸಾಲೂ ಇಲ್ಲ. ಅವರ ಮೌನಕ್ಕೆ ಏನು ಅರ್ಥ ಎಂದು ಷೇಕ್ಸ್‌ಪಿಯರ್ ಹೇಳಿಲ್ಲ. ಪ್ರತಿ ನಿರ್ದೇಶಕರೂ ಅವರ ಮುಖದ ಮೇಲೆ ಏನಾದರೊಂದು ತರಿಸಲೇಬೇಕು.

ಮಧ್ಯರಾತ್ರಿ ಗಂಟೆ ಹೊಡೆದು ಎಲ್ಲರೂ ಮಲಗಲು ಹೋದ ಮೇಲೆ ಪಕ್ ಪೊರಕೆ ಹಿಡಿದು ಬರುತ್ತಾನೆ, ಬಾಗಿಲ ಹಿಂದಿನ ಧೂಳು ಗುಡಿಸಲು. ನಾವು ನೆರಳುಗಳು, ನಮ್ಮಿಂದ ಬೇಜಾರಾಗಿದ್ದರೆ ನೀವು ಇಷ್ಟು ಹೊತ್ತು ನಿದ್ದೆ ಮಾಡಿದ್ದಿರಿ ಅಂದುಕೊಳ್ಳಿ, ಎಂದು ನಮ್ಮ ಕಡೆ ತಿರುಗಿ ಹೇಳುತ್ತಾನೆ. ಲೈಸ್ಯಾಂಡರ್‌ನ ಕಣ್ಣಿನ ಮದ್ದನ್ನು ಅವನು ಇಳಿಸಿದ್ದಾನೆ, ಟಿಟಾನಿಯಾಳದನ್ನು ಒಬೆರಾನ್ ಇಳಿಸಿದ್ದಾನೆ. ಒಳಗೆ ಹೆಲೆನಾಳ ಪಕ್ಕದಲ್ಲಿ ಡೆಮೆಟ್ರಿಯಸ್ ಮಲಗಿದ್ದಾನೆ. ಅವನ ರೆಪ್ಪೆಯ ರಸವನ್ನು ಯಾರೂ ಒರೆಸಿಲ್ಲ.